ಧೋಬಿ ತಲಾವಿನಲ್ಲಿ ಒಂದನೇ ನಂಬರು

ನನ್ನ ಕೆಲಸ ಇಷ್ಟೇ: ಸೋಮವಾರ ಬೆಳಿಗ್ಗೆ
ಕಾಯೆತಾನ್ ಮೇಸ್ತ್ರಿಯ ಹಿಂದೆ ಚೀಲ ಹೊತ್ತು
ಫೋರ್ಟಿನಿಂದ ಗ್ರಾಂಟ್ ರೋಡಿನ ತನಕ
ಹದಿನೇಳು ಇರಾನಿ ಹೋಟೆಲು, ಹದಿನೇಳು ಜೂಕ್‌ಬಾಕ್ಸು.
ಬೀಗ ತೆಗೆ, ಚಾರಾಣೆ ಎಣಿಸು, ಮುಳ್ಳು ಒರೆಸು,
ಸವೆದ ತಟ್ಟೆ ಎತ್ತಿ ಹೊಸದಿಡು.
ರಾತ್ರಿ ಶಾಲೆಯಲ್ಲಿ ಸಂಧಿ, ಸಮಾಸ.

ಪ್ರತಿ ಹಾಡಿನ ಬೆನ್ನಿಗೆ ಒಂದು ಹಲ್ಲಿನ ಚಕ್ರ,
ಎಷ್ಟು ಸಲ ಹಾಡಿತೆಂದು ತನ್ನ ಪಾಡಿಗೆ ಲೆಕ್ಕ ಇಡುತ್ತಿತ್ತು.
ಅದನ್ನು ನೀಲಿ ರಟ್ಟಿನ ಪುಸ್ತಕಕ್ಕೆ
ಕನ್ನಡ ಅಂಕಿಯಲ್ಲಿ ಇಳಿಸುತ್ತಿದ್ದೆ.
ಮೇಸ್ತ್ರಿಗೆ ತಿಳಿಯಬಾರದೆಂದಲ್ಲ,
ಏಳರ ಬಾಲ ಯಾವ ಕಡೆಗೆಂದು
ಕೈ ಮರೆಯಬಾರದೆಂದು.

ಹ್ಯಾಲಿಫ್ಯಾಕ್ಸ್ ಸ್ಪ್ಯಾರೋಸ್. ಹೆಸರು ಕೇಳಿದ್ದೀರಾ?
ಕೇಳಿರಲಾರಿರಿ.
ನಾಲ್ಕು ಹುಡುಗರು, ಕಿವಿ ಮುಚ್ಚುವ ಕೂದಲು,
ಒಬ್ಬನಿಗೆ ಉಬ್ಬುಹಲ್ಲು. ನಾನು ಕರೆದದ್ದು ಗುಬ್ಬಿಗಳು ಎಂದು.
ಕೊನೆಯ ಬಸ್ಸು ತಪ್ಪಿಸಿಕೊಂಡವನ ಹಾಡು ಅವರದು,
ತಪ್ಪಿದ್ದಕ್ಕೆ ಅವನಿಗೇನೂ ಬೇಜಾರಿದ್ದ ಹಾಗಿರಲಿಲ್ಲ.
ಅವರ ದೇಶದ ಪಟ್ಟಿಯಲ್ಲಿ
ಎಪ್ಪತ್ತಮೂರರ ಚಳಿಗೆ ಹತ್ತೊಂಬತ್ತಕ್ಕೇರಿ,
ಎರಡು ವಾರ ಕೂತು, ಮೂವತ್ತೆಂಟಕ್ಕೆ ಜಾರಿ,
ಆಮೇಲೆ ಪಟ್ಟಿಯಲ್ಲೇ ಇಲ್ಲ.
ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ
ಕಿಲೋ ಲೆಕ್ಕಕ್ಕೆ ಮಾರುವ ಪೇಪರಿನಲ್ಲಿ ಇದನ್ನು ಓದಿದೆ,
ಹಡಗಿನಲ್ಲಿ ಬಂದು ನಾಲ್ಕು ತಿಂಗಳು ಹಳಸಿದ ಸುದ್ದಿ.
ಅವರು ಮುಗಿದಿದ್ದರು. ಅವರ ತಟ್ಟೆ
ಆಗಷ್ಟೇ ನನ್ನ ಚೀಲದಿಂದ ಇಳಿಯುತ್ತಿತ್ತು.

ರೈಲ್ವೆ ಮುಷ್ಕರದ ಮೇ ತಿಂಗಳು. ಸೆಕೆ.
ಕಲ್ಯಾಣಕ್ಕೆ ನಡೆದು ಹೋಗಲಾರದವರು
ಅರ್ದೆಶೀರನ ಹೋಟೆಲಿನಲ್ಲಿ ಬನ್ನು ಚಹಾದ ಮುಂದೆ
ರಾತ್ರಿಯನ್ನು ನೂಕುತ್ತಿದ್ದರು:
ಬ್ಯಾಂಕಿನ ಗುಮಾಸ್ತರು, ಒಬ್ಬ ಕಂಪಾಸಿಟರು,
ಮದುವೆ ಬ್ಯಾಂಡಿನ ಇಬ್ಬರು, ಡೋಲು ಕಾಲ ಬುಡದಲ್ಲಿ.
ಆ ಸೋಮವಾರ ಚಕ್ರ ತೋರಿಸಿತು: ೨೧೨.
ಮರು ಸೋಮವಾರ ೩೪೭.
ಹದಿನೇಳು ಹೋಟೆಲಿನಲ್ಲಿ ಯಾವ ಹಾಡೂ
ಅಷ್ಟು ಹಾಡಿದ್ದಿಲ್ಲ.

ನನಗೆ ಹೆಮ್ಮೆ. ಬಸ್ಸು ತಪ್ಪಿದವನ ದುಃಖ
ರೈಲಿಲ್ಲದವರಿಗೆ ಅರ್ಥವಾಯಿತಲ್ಲ ಎಂದು
ರಾತ್ರಿ ಶಾಲೆಯ ಮಾಸ್ತರರಿಗೆ ಹೇಳಿಯೂ ಹೇಳಿದೆ.
ಆಮೇಲೆ ಹಿಂದಿನ ಬಾಗಿಲು ಬಿಚ್ಚಿ ನೋಡಿದರೆ
ಕಿರುಬೆರಳಿನ ಉಗುರಿನಷ್ಟು ಸ್ಪ್ರಿಂಗು, ತುಂಡು.
ಯಾರು ಯಾವ ಗುಂಡಿ ಒತ್ತಲಿ,
ಕಬ್ಬಿಣದ ಕೈ ಸೀದಾ ಹೋಗಿ
ಗುಬ್ಬಿಗಳನ್ನೇ ಎತ್ತಿ ತರುತ್ತಿತ್ತು.

"ಯಾರೂ ದೂರಲಿಲ್ಲವಾ ಸೇಠ್?"
ಅರ್ದೆಶೀರ್ ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ.
"ಎರಡು ದಿನ ಬೈದರು. ಮೂರನೇ ದಿನ
ಟೇಬಲ್ಲು ಬಡಿಯಲು ಶುರು ಮಾಡಿದರು.
ಆ ಡೋಲಿನವನಂತೂ ಬೇಕೆಂದೇ ಒತ್ತುತ್ತಾನೆ."

ಹೊಸ ಸ್ಪ್ರಿಂಗು ನನ್ನ ಜೇಬಿನಲ್ಲಿತ್ತು.
ಅಲ್ಲೇ ಇಟ್ಟುಕೊಂಡೆ. ಕಳ್ಳತನ ಎನ್ನಿ ಬೇಕಾದರೆ.
ಮೇಸ್ತ್ರಿ ಇಣುಕಿದ, ನನ್ನನ್ನು ನೋಡಿದ,
"ಜಾಂವ್ದಿ" ಎಂದು ಬೀಡಿ ಹಚ್ಚಿದ.
ಅದೇ ವಾರ ತಟ್ಟೆಯ ಲಕೋಟೆಯ ಮೇಲಿದ್ದ ವಿಳಾಸಕ್ಕೆ
ಏರೋಗ್ರಾಮು ಬರೆದೆ, ನಿಘಂಟು ನೋಡಿ, ಮೂರು ಸಾಲು:
ಧೋಬಿ ತಲಾವಿನಲ್ಲಿ ನೀವು ಒಂದನೇ ನಂಬರು.
ಸ್ಪ್ರಿಂಗಿನ ವಿಷಯ ಬರೆಯಲಿಲ್ಲ.

ರೈಲು ಹೊರಟಿತು. ಸ್ಪ್ರಿಂಗು ಹಾಕಿದೆ.
ಮುಂದಿನ ಸೋಮವಾರ ಗುಬ್ಬಿಗಳು: ೪.
ನಾಲ್ಕೂ ಆ ಡೋಲಿನವನದೇ ಇರಬೇಕು.

ಚೌತಿ ಕಳೆದ ಮೇಲೆ ಉತ್ತರ ಬಂತು.
ಬರೆದದ್ದು ಉಬ್ಬುಹಲ್ಲಿನವನ ತಾಯಿ.
ಗುಂಪು ಒಡೆದಿದೆಯಂತೆ. ಅವನೀಗ ಗ್ಯಾಸಿನ ಕಂಪನಿಯಲ್ಲಿ
ಮನೆ ಮನೆಗೆ ಹೋಗಿ ಮೀಟರು ಓದುತ್ತಾನಂತೆ.
ನನ್ನ ಪತ್ರಕ್ಕೆ ಕಟ್ಟು ಹಾಕಿಸಿ
ಅಡುಗೆಮನೆಯಲ್ಲಿ ತೂಗುಹಾಕಿದ್ದಾರಂತೆ.
ಕೊನೆಗೆ ಒಂದು ಪ್ರಶ್ನೆ, ಬೇರೆ ಶಾಯಿಯಲ್ಲಿ,
ಎದ್ದು ಹೋಗಿ ಮತ್ತೆ ಬಂದು ಬರೆದ ಹಾಗೆ:
ಧೋಬಿ ತಲಾವು ದೊಡ್ಡ ಊರೇ?

ಬಲು ದೊಡ್ಡದು ಅಮ್ಮಾ, ಎಂದು ಬರೆದೆ.